ಒಂಬತ್ತು ಸೆಕೆಂಡಿನ ಯಜಮಾನ

ನನ್ನ ಬೆರಳುಗಳ ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ಜಂಬ ಅನ್ನುತ್ತೀರಿ. ಬೆಟಗೇರಿಯಲ್ಲಿ ಮೂವತ್ತೊಂದು ವರ್ಷ ‘ಹೊಂಬಳ ಟೈಪಿಂಗ್ ಇನ್‌ಸ್ಟಿಟ್ಯೂಟ್’ ನಡೆಸಿದ ಈರಬಸಪ್ಪ ಹೊಂಬಳ ನಾನೇ. ನಾನು ಕೀಲಿಮಣೆಯ ಮುಂದೆ ಕುಳಿತರೆ ಎದುರಿನ ಗೋಡೆಯ ಸುಣ್ಣ ಉದುರುತ್ತಿತ್ತು. ಒಮ್ಮೆ ಪರೀಕ್ಷೆಗೆ ಬಂದ ಅಧಿಕಾರಿ ನನ್ನ ವೇಗ ಅಳೆಯಲು ಗಡಿಯಾರ ಹಿಡಿದು ನಿಂತ. ಮುಳ್ಳು ಹೊರಡುವಷ್ಟರಲ್ಲಿ ನಾನು ಪುಟ ಮುಗಿಸಿ ಅವನಿಗೆ ಚಹಾ ತರಿಸಿದ್ದೆ. ಗದಗ ಜಿಲ್ಲೆಯ ಕಚೇರಿಗಳಲ್ಲಿ ಇವತ್ತಿಗೂ ಒಂದು ಕಾಗದ ತಪ್ಪಿಲ್ಲದೆ ಹೊರಬಿದ್ದರೆ ಅದರ ಹಿಂದೆ ನನ್ನ ಶಿಷ್ಯನೊಬ್ಬ ಇದ್ದಾನೆಂದು ತಿಳಿಯಿರಿ.

ಈ ಕಥೆಯಲ್ಲಿ ನಾನು ಸ್ವಲ್ಪ ಉಬ್ಬಿಸಿ ಹೇಳಿದ್ದು ಇದಿಷ್ಟು, ಇನ್ನೂ ಒಂದೆರಡು ಕಡೆ ಇರಬಹುದು. ಆದರೆ ನನ್ನ ಹೆಂಡತಿಯ ಮೈಯೊಳಗಿನ ರಕ್ತ ಮೂವತ್ತೆಂಟು ನಿಮಿಷ ಮೈಯ ಹೊರಗೆ ಸಿಕ್ಕಿಬಿದ್ದಿದ್ದು ಇದ್ದದ್ದು ಇದ್ದ ಹಾಗೆ. ಒಂದು ಪುಕ್ಕಟೆ ತಂತ್ರಾಂಶ ಮತ್ತು ನನ್ನ ಹತ್ತು ಬೆರಳು ಸೇರಿ ಆ ಕೆಲಸ ಮಾಡಿದವು.

ನೀಲವ್ವನ ಎರಡೂ ಮೂತ್ರಪಿಂಡಗಳು ಕೈಕೊಟ್ಟು ನಾಲ್ಕು ವರ್ಷವಾಗಿತ್ತು. ಆ ಹೊತ್ತಿಗೆ ಡಯಾಲಿಸಿಸ್ ಯಂತ್ರ ಮನೆಮನೆಗೆ ಬರತೊಡಗಿತ್ತು. ಮಂಚದ ಪಕ್ಕ ನಿಲ್ಲುವ, ಪುಟ್ಟ ಕಪಾಟಿನಷ್ಟು ದೊಡ್ಡ ಯಂತ್ರ. ರಕ್ತವನ್ನು ಒಂದು ನಳಿಕೆಯಿಂದ ಎಳೆದು, ತೊಳೆದು, ಇನ್ನೊಂದು ನಳಿಕೆಯಿಂದ ಮೈಗೆ ಮರಳಿಸುತ್ತದೆ. ಅದಕ್ಕೆ ಕೈಕಾಲು ಇವೆ, ತಲೆ ಇಲ್ಲ. ಪಂಪು ಎಷ್ಟು ಜೋರಾಗಿ ತಿರುಗಬೇಕು, ನಳಿಕೆಯನ್ನು ಹಿಸುಕಿ ಹಿಡಿಯುವ ಚಿಮ್ಮಟ ಯಾವಾಗ ತೆರೆಯಬೇಕು, ಎಲ್ಲ ಅಪ್ಪಣೆ ಮನೆಯ ಕಂಪ್ಯೂಟರಿನದು. ಅಪ್ಪಣೆ ನಿಂತರೆ ಪಂಪು ನಿಲ್ಲುತ್ತದೆ, ಚಿಮ್ಮಟ ಮುಚ್ಚಿಕೊಳ್ಳುತ್ತದೆ. ಸುರಕ್ಷತೆಗೆಂದೇ ಹಾಗೆ ಮಾಡಿದ್ದರು.

ಯಂತ್ರ ಕೊಡುವ ಮೊದಲು ದವಾಖಾನೆಯವರು ಒಂದು ಶರತ್ತು ಹಾಕಿದರು: ಮನೆಯ ಕಂಪ್ಯೂಟರಿಗೆ ಕಾವಲು ತಂತ್ರಾಂಶ ಇರಲೇಬೇಕು. ಆ ವರ್ಷ ಊರೂರಲ್ಲಿ ‘ಒತ್ತೆಹುಳು’ ಹರಿದಾಡುತ್ತಿತ್ತು. ಕಂಪ್ಯೂಟರಿನೊಳಗೆ ಹೊಕ್ಕು, ಅದು ನಡೆಸುವ ಯಂತ್ರಗಳನ್ನೆಲ್ಲ ಒತ್ತೆಯಿಟ್ಟುಕೊಳ್ಳುವ ಹುಳು. ಹಿಂದಿನ ಓಣಿಯಲ್ಲಿ ಒಂದು ಮನೆಯ ಮಿಕ್ಸರ್ ಮೂರು ದಿನ ತಾನಾಗಿ ತಿರುಗಿತು. ಆ ಮನೆಯವರು ಇವತ್ತಿಗೂ ಚಟ್ನಿ ಕಂಡರೆ ಪಂಕ್ತಿಯಿಂದ ಎದ್ದುಹೋಗುತ್ತಾರೆ. ದವಾಖಾನೆಯ ಕಾಗದದಲ್ಲಿ ಬರೆದಿತ್ತು: ‘ಪುಕ್ಕಟೆಯದಾದರೂ ನಡೆಯುತ್ತದೆ. ಒಂದೇ ಇರಲಿ. ಎರಡು ಹಾಕಿದರೆ ಒಂದನ್ನೊಂದು ಕಳ್ಳನೆಂದು ಹಿಡಿದುಕೊಳ್ಳುತ್ತವೆ.’

ಆಯ್ಕೆ ಮಾಡುವುದಕ್ಕೆ ಇಡೀ ಓಣಿ ನಮ್ಮ ಪಡಸಾಲೆಗೆ ಬಂತು. ಬರದೆ ಏನು? ನಮ್ಮ ಕಂಪ್ಯೂಟರ್ ಎಂದರೆ ಓಣಿಯ ನಲ್ಲಿ ಇದ್ದ ಹಾಗೆ. ಬೆಳಗ್ಗೆ ತೆರೆದ ಬಾಗಿಲು ರಾತ್ರಿ ಊಟದ ಹೊತ್ತಿಗೇ ಮುಚ್ಚುವುದು. ಎಡಗಡೆ ಮನೆಯ ಟೇಲರ್ ಮೆಹಬೂಬಸಾಬ ಗಿರಾಕಿಗಳ ಅಳತೆ ಬರೆದಿಡಲು ಬರುತ್ತಾನೆ. ಎದುರಿನ ರೊಟ್ಟಿ ಕಾಶವ್ವ ಮರುದಿನದ ರೊಟ್ಟಿಯ ಪಟ್ಟಿ ಕಳಿಸಲು ಬರುತ್ತಾಳೆ. ನಾನು ಕುರ್ಚಿಯ ಹಿಂದೆ, ಕೈ ಬೆನ್ನಿಗೆ ಕಟ್ಟಿಕೊಂಡು ನಿಂತು, ಹೇಗೆ ಬರೆಯಬೇಕೆಂದು ಹೇಳುತ್ತೇನೆ. ಇನ್‌ಸ್ಟಿಟ್ಯೂಟಿನಲ್ಲೂ ಅದೇ ರೂಢಿ. ಮಾಸ್ತರರು ಸಾಲು ಹೇಳಬೇಕು, ಶಿಷ್ಯರು ಒತ್ತಬೇಕು.

ಮೊದಲು ‘ವಜ್ರಕೋಟೆ’ ಎಂಬುದನ್ನು ಹಾಕಿ ನೋಡಿದೆವು. ಅದು ತಪಾಸಣೆ ಶುರುಮಾಡಿತೆಂದರೆ ತೆರೆಯ ಮೇಲಿನ ಬಾಣ ಈ ಮೂಲೆಯಿಂದ ಆ ಮೂಲೆಗೆ ಹೋಗುವಷ್ಟರಲ್ಲಿ ಕುಕ್ಕರಿನಲ್ಲಿ ಅವರೆಕಾಳು ಬೇಯುತ್ತಿತ್ತು. ಡಯಾಲಿಸಿಸ್‌ಗೆ ಅಂಥ ನಿಧಾನ ಆಗದು, ತೆಗೆದೆವು. ಆಮೇಲೆ ‘ಭೈರವ’. ಕಾಲು ತಾಸಿಗೊಮ್ಮೆ ಗಂಟಲು ಹರಿದುಕೊಂಡು ಮೊಣಕಾಲಿನ ಎಣ್ಣೆ ಮಾರುತ್ತಿತ್ತು, ಮೇಲಿಂದ ಮನೆಯಲ್ಲಿ ಆಡುವ ಮಾತನ್ನೆಲ್ಲ ಕೇಳಿಸಿಕೊಳ್ಳಲು ಅನುಮತಿ ಬೇಡುತ್ತಿತ್ತು. ನನ್ನ ಮಾತು ಕೇಳಿದ್ದರೆ ಪಂಡಿತವಾಗಿಬಿಡುತ್ತಿತ್ತು, ಆದರೂ ಕೊಡಲಿಲ್ಲ.

ಮೂರನೆಯದು ‘ಬೇಲಿ’. ಹುಬ್ಬಳ್ಳಿಯ ಕೆಲವು ಎಂಜಿನಿಯರುಗಳು ಸಹಕಾರಿ ಸಂಘದ ಹಾಗೆ ಕಟ್ಟಿದ್ದು. ಹಗುರ, ಜಾಹೀರಾತಿಲ್ಲ. ಅದರ ವಿಶೇಷ ಕೇಳಿ: ಪಾಸ್‌ವರ್ಡ್ ಎಂಬುದೇ ಇಲ್ಲ. ಒಬ್ಬೊಬ್ಬರ ನಡಿಗೆ ಒಂದೊಂದು ಥರ ಇರುವಂತೆ, ಒಂದು ಅಕ್ಷರ ಒತ್ತಿ ಇನ್ನೊಂದಕ್ಕೆ ಹೋಗುವ ನಡುವಿನ ಬಿಡುವೂ ಒಬ್ಬೊಬ್ಬರದು ಒಂದೊಂದು ಥರ. ಬೇಲಿ ಆ ಬಿಡುವುಗಳನ್ನು ಕಲಿಯುತ್ತದೆ. ಏನು ಬರೆದಿರಿ ಎಂದು ನೋಡುವುದಿಲ್ಲ, ಹೇಗೆ ಬರೆದಿರಿ ಎಂದಷ್ಟೇ ಕೇಳಿಸಿಕೊಳ್ಳುತ್ತದೆ. ಇಪ್ಪತ್ತೊಂದು ದಿನ ಕಲಿತ ಮೇಲೆ ಯಜಮಾನನ ಬೆರಳಿಗಲ್ಲದೆ ಬೇರೆ ಯಾರಿಗೂ ಬಗ್ಗುವುದಿಲ್ಲ.

ನನ್ನಂಥವನು ಇದನ್ನಲ್ಲದೆ ಬೇರೇನು ಆರಿಸಿಯಾನು?

“ಮಾಸ್ತರ್ರ, ಪುಕ್ಕಟೆ ಕೊಡಾಕತ್ತಾರಂದ್ರ ಏನಾರ ಇರ್ತೈತಿ. ಪೂರಾ ಓದ್ರಿ ಒಮ್ಮೆ,” ಎಂದ ಮೆಹಬೂಬಸಾಬ.

“ಓದೂದು ಏನೈತೊ ಮೆಹಬೂಬ? ನನ್ನ ಬೆರಳೇ ಕೀಲಿಕೈ. ಅದನ್ನ ಕದಿಯೋ ಕಳ್ಳ ಇನ್ನೂ ಹುಟ್ಟಿಲ್ಲ.”

“ಹುಟ್ಟಿದ್ರೂ ಮಾಸ್ತರ ಭಾಷಣ ಕೇಳಿ ಓಡಿಹೋಗ್ತಾನ ಬಿಡು,” ಎಂದಳು ಕಾಶವ್ವ.

ನೀಲವ್ವ ಮಾತ್ರ ಕನ್ನಡಕ ಏರಿಸಿಕೊಂಡು ತೆರೆಯ ಮೇಲಿನ ನಿಯಮ ಓದಿದಳು. ‘ಇಪ್ಪತ್ತೊಂದು ದಿನ ಯಜಮಾನರೊಬ್ಬರೇ ಟೈಪ್ ಮಾಡಬೇಕು. ಬೇಲಿಗೆ ಎರಡನೆಯ ಕೀಲಿ ಇರುವುದಿಲ್ಲ, ನಮ್ಮ ಬಳಿಯೂ.’ ಮೊದಲ ಸಾಲನ್ನು ಎರಡು ಸಲ ಜೋರಾಗಿ ಓದಿ ನನ್ನ ಮುಖ ನೋಡಿದಳು. ನಾನು ಕೈ ಬೆನ್ನಿಗೆ ಕಟ್ಟಿಕೊಂಡೇ, “ಒಪ್ಪಿಗಿ ಒತ್ತು,” ಎಂದೆ. ಅವಳು ಒಂದು ಬೆರಳಲ್ಲಿ ಒತ್ತಿದಳು.

ಇಪ್ಪತ್ತೊಂದು ದಿನ ಕಳೆದವು. ಬೇಲಿ ಹಸಿರು ಎಲೆಯ ಗುರುತು ತೋರಿಸಿತು.

ಇಪ್ಪತ್ತಮೂರನೆಯ ದಿನ, ಗುರುವಾರ, ಮಧ್ಯಾಹ್ನ ಎರಡೂವರೆ. ನೀಲವ್ವ ಮಂಚದ ಮೇಲೆ, ಎಡತೋಳಿನಲ್ಲಿ ಎರಡು ಸೂಜಿ, ಯಂತ್ರ ತನ್ನ ಪಾಡಿಗೆ ಗುಂಯ್‌ಗುಟ್ಟುತ್ತಿತ್ತು. ಮನೆಯ ವ್ಯವಸ್ಥೆ ನೋಡಿ ವರದಿ ಬರೆಯಲು ದವಾಖಾನೆಯಿಂದ ಸಿಸ್ಟರ್ ರೋಸಲಿನ್ ಬಂದಿದ್ದರು. ಐವತ್ತು ದಾಟಿದ ಹೆಂಗಸು. ಅವರು ಕಣ್ಣು ಬಿಟ್ಟರೆ ಡಾಕ್ಟರುಗಳೂ ಚಪ್ಪಲಿ ಹೊರಗೆ ಬಿಡುತ್ತಾರೆ.

ತೆರೆ ಹಳದಿಗೆ ತಿರುಗಿತು. ‘ನಿಮ್ಮ ಊರಿನಲ್ಲಿ ಹುಳು ಕಾಣಿಸಿದೆ. ಯಜಮಾನರು ಮೂರು ಸಾಲು ಟೈಪ್ ಮಾಡಿ ತಮ್ಮ ಗುರುತು ತೋರಿಸಬೇಕು. ಏನು ಬರೆದರೂ ನಡೆಯುತ್ತದೆ.’

“ಮಾಡ್ರಿ ಮಾಸ್ತರ. ನಿಮ್ಮ ಬೆರಳಿನ ಕೀರ್ತಿ ನಮ್ಮ ದವಾಖಾನಿ ತನಾ ಬಂದೈತಿ,” ಎಂದರು ಸಿಸ್ಟರ್, ಪೆನ್ನಿನ ಮುಚ್ಚಳ ತೆಗೆಯುತ್ತ.

“ರೀ, ಕಾಶವ್ವನ್ನ ಕರೀಲೇನು?” ಎಂದಳು ನೀಲವ್ವ ಮಂಚದಿಂದ.

“ಯಾಕ? ನಾ ಸತ್ತೇನೇನು?”

ಕುರ್ಚಿ ಎಳೆದು ಕುಳಿತೆ. ಸಿಸ್ಟರ್ ನೋಡುತ್ತಿದ್ದರು. ಮೂರು ಸಾಲು ಒತ್ತಿದೆ. ತೆರೆ ಕೆಂಪಾಯಿತು.

‘ನೀವು ಈ ಮನೆಯ ಯಜಮಾನರಲ್ಲ. ಎಲ್ಲ ಯಂತ್ರಗಳಿಗೆ ಅಪ್ಪಣೆ ನಿಲ್ಲಿಸಲಾಗಿದೆ. ಉಳಿದ ಅವಕಾಶ ನಾಲ್ಕು. ಅವೂ ಮುಗಿದರೆ ಒಂದು ದಿನ ತೆರೆಯುವುದಿಲ್ಲ.’

ಬೆನ್ನ ಹಿಂದೆ ಗುಂಯ್ ಸದ್ದು ನಿಂತಿತು. ‘ಟಕ್’ ಎಂದು ಚಿಮ್ಮಟ ಮುಚ್ಚಿದ ಸದ್ದು. ಮೂವತ್ತೊಂದು ವರ್ಷ ಯಂತ್ರಗಳ ಗದ್ದಲದಲ್ಲಿ ಬದುಕಿದವನು ನಾನು. ಆ ಒಂದು ಟಕ್‌ನಷ್ಟು ದೊಡ್ಡ ಸದ್ದು ಕೇಳಿಲ್ಲ.

ಸಿಸ್ಟರ್ ಆಗಲೇ ಯಂತ್ರದ ಮುಂದಿದ್ದರು. ಅದರ ಮಗ್ಗುಲಿನಿಂದ ಒಂದು ಹಿಡಿಕೆ ಹೊರಗೆಳೆದು, ಬಾವಿಯ ರಾಟೆ ತಿರುಗಿಸುವಂತೆ ಕೈಯಿಂದ ತಿರುಗಿಸತೊಡಗಿದರು.

“ಏನಾತು ಸಿಸ್ಟರ್?”

“ಒಂದು ಲೋಟ ರಕ್ತ ಹೊರಗ ನಳಿಕಿಯೊಳಗ ನಿಂತೈತಿ. ಚಿಮ್ಮಟ ತೆರಿಯೂಮಟ ಮೈಯಾಗ ಹೋಗೂದಿಲ್ಲ. ಹಿಂಗ ತಿರುಗಿಸಿದ್ರ ಅಲ್ಲೇ ಸುತ್ತತೈತಿ, ಲಗೂನ ಹೆಪ್ಪುಗಟ್ಟೂದಿಲ್ಲ. ಹೆಪ್ಪುಗಟ್ಟಬಾರದಂತ ನಾ ಮೊದಲ ಕೊಟ್ಟ ಔಷಧಿ ಜೋರು ಇರೂದು ನಲವತ್ತು ನಿಮಿಷ. ಅಷ್ಟರಾಗ ಕಂಪ್ಯೂಟರಿನ ಬೀಗ ತೆಗೀರಿ.”

“ಪ್ಲಗ್ ಕಿತ್ತರ?”

“ಕಿತ್ತರೂ ಮುಚ್ಚೇ ಇರ್ತೈತಿ.”

“ನಳಿಕಿ ಕತ್ತರಿಸಿ…”

“ಕತ್ತರಿಸಿದ್ರ ಆ ರಕ್ತ ಹೋತು. ಇವರ ಮೈಯಾಗ ಇರೂದ ಅರ್ಧ ರಕ್ತ, ಒಂದು ಲೋಟ ಹೋದ್ರ ಹೃದಯ ತಡೀತೈತೋ ಇಲ್ಲೋ ನಾ ಹೇಳಲಾರೆ. ಹೊಂದೂ ರಕ್ತ ಹುಡುಕಿ ಆಂಬುಲೆನ್ಸ್ ಬರಬೇಕಂದ್ರ ಒಂದೂವರೆ ತಾಸು.” ಅವರು ಒಂದು ಕೈಯಲ್ಲಿ ಹಿಡಿಕೆ ತಿರುಗಿಸುತ್ತಲೇ ಇನ್ನೊಂದು ಕೈಯಲ್ಲಿ ದವಾಖಾನೆಗೆ ಫೋನ್ ಮಾಡಿದರು. “ನಿಮ್ಮ ಬೆರಳು ಅಲ್ರೀ? ಇನ್ನೊಮ್ಮೆ ಸಮಾಧಾನದಿಂದ ಒತ್ರಿ.”

ಒತ್ತಿದೆ. ಕೆಂಪು. ಉಳಿದ ಅವಕಾಶ ಮೂರು.

“ಈ ತಂತ್ರಾಂಶದ ತಲಿ ಕೆಟ್ಟೈತಿ,” ಎಂದೆ. ನೀಲವ್ವ ಏನೋ ಹೇಳಲು ಬಾಯಿ ತೆರೆದಳು. ಅವಳು ಹೇಳುವ ಮೊದಲೇ ಮೂರನೆಯ ಸಲ ಒತ್ತಿದೆ. ಏಕೆ ಒತ್ತಿದೆ ಎಂದು ಕೇಳಬೇಡಿ. ಉಳಿದ ಅವಕಾಶ ಎರಡು.

ಈಗ ಹುಬ್ಬಳ್ಳಿಗೆ ಬನ್ನಿ. ನಾನು ಅಲ್ಲಿರಲಿಲ್ಲ, ಆದರೆ ಅಲ್ಲಿದ್ದವರಿಗಿಂತ ಚೆನ್ನಾಗಿ ಹೇಳಬಲ್ಲೆ.

ಬೇಲಿಯ ನಿಯಂತ್ರಣ ಕೊಠಡಿಯಲ್ಲಿ ಗೋಡೆ ತುಂಬ ಹಸಿರು ಚುಕ್ಕಿ, ಒಂದೊಂದು ಚುಕ್ಕಿ ಒಂದೊಂದು ಮನೆ. ಆ ಮಧ್ಯಾಹ್ನ ಹುಳುವಿನ ದಾಳಿಯಿಂದ ಸಾವಿರಾರು ಹಳದಿಗೆ ತಿರುಗಿ, ಯಜಮಾನರು ಗುರುತು ತೋರಿಸಿದಂತೆ ಮತ್ತೆ ಹಸಿರಾಗುತ್ತಿದ್ದವು. ಬೆಟಗೇರಿಯ ಒಂದೇ ಒಂದು ಚುಕ್ಕಿ ಕೆಂಪಾಗಿತ್ತು, ಅದರ ಪಕ್ಕ ಹೃದಯದ ಚಿಹ್ನೆ ಮಿನುಗುತ್ತಿತ್ತು. ವೈದ್ಯಕೀಯ ಯಂತ್ರ ಇರುವ ಮನೆ ಎಂದು ಅದರ ಅರ್ಥ. ಅದನ್ನು ಕಂಡವರು ಅನಸೂಯಾ ಇಟಗಿ ಎಂಬ ಎಂಜಿನಿಯರ್, ಬಿಡುವುಗಳ ಲೆಕ್ಕ ಬರೆದವರಲ್ಲಿ ಒಬ್ಬರು.

“ಫೋನ್ ಮಾಡ್ತೀನಿ,” ಎಂದರು.

“ಪುಕ್ಕಟೆಯವರಿಗೆ ಫೋನ್ ಇಲ್ಲ ಮೇಡಂ, ನಿಯಮ,” ಎಂದ ಪಕ್ಕದವನು. “ಮಾಡಿ ಏನು ಉಪಯೋಗ? ನಮಗೂ ಆ ಬೀಗ ತೆಗೆಯಾಕ ಬರೂದಿಲ್ಲ.”

“ತೆಗೆಯಾಕ ಬರೂದಿಲ್ಲ. ಕೇಳಾಕ ಬರ್ತೈತಿ,” ಎಂದು ಅವರು ನಂಬರು ಒತ್ತಿದರು.

ನಮ್ಮ ಮನೆಯ ಫೋನ್ ಮೊಳಗಿದಾಗ ಹದಿಮೂರು ನಿಮಿಷ ಕಳೆದಿತ್ತು. ಬೇಲಿಯವರೆಂದು ತಿಳಿದೊಡನೆ ಫೋನನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳಿಸುವಂತೆ ಮಾಡಿ ಕೂಗಿದೆ.

“ಬೀಗ ತೆಗೀರಿ ಬಾಯಾರ! ಅಲ್ಲಿಂದ ಒಂದು ಗುಂಡಿ ಒತ್ತಿ ತೆಗೀರಿ!”

“ಅಂಥ ಗುಂಡಿ ಇಲ್ರೀ. ಇದ್ದಿದ್ರ ಅದನ್ನ ಹುಳು ಮೊದಲ ಹುಡುಕತಿತ್ತು. ಸಮಾಧಾನ ಮಾಡ್ಕೋರಿ, ನಾ ಕೇಳಿದ್ದಕ್ಕ ಉತ್ತರ ಕೊಡ್ರಿ. ಈಗ ಮೂರು ಸಲ ಒತ್ತಿದವರು ಯಾರು?”

“ನಾನು. ಈರಬಸಪ್ಪ ಹೊಂಬಳ. ಯಜಮಾನ.”

ಅತ್ತ ಕೀಲಿ ಒತ್ತುವ ಸದ್ದಾಯಿತು. “ಬೇಲಿ ಇಪ್ಪತ್ತೊಂದು ದಿನ ಕೇಳಿದ ಯಜಮಾನರು ನನ್ನ ಮುಂದ ಅದಾರ. ಅಕ್ಷರ ಕಾಣೂದಿಲ್ಲ, ಬಿಡುವು ಅಷ್ಟ ಕಾಣತಾವು. ಆ ಯಜಮಾನರೊಳಗ ನಿಮ್ಮ ಈ ಬೆರಳು ಒಂದು ಸಾಲಿನಾಗೂ ಇಲ್ರೀ. ಖರೇ ಹೇಳ್ರಿ, ಇಪ್ಪತ್ತೊಂದು ದಿನ ಯಾರು ಟೈಪ್ ಮಾಡ್ಯಾರ?”

ಸಿಸ್ಟರ್ ರೋಸಲಿನ್ ಹಿಡಿಕೆ ತಿರುಗಿಸುತ್ತ ನನ್ನ ಕಡೆ ನೋಡಿದರು. ಅವರ ಹಣೆಯ ಬೆವರು ಮೂಗಿನ ತುದಿಗೆ ಬಂದಿತ್ತು. ಬಾಗಿಲಲ್ಲಿ ಮೆಹಬೂಬಸಾಬ ಮತ್ತು ಕಾಶವ್ವ ಬಂದು ನಿಂತಿದ್ದರು. ಯಂತ್ರದ ಸದ್ದು ನಿಂತದ್ದು ಗೋಡೆಯಾಚೆಗೂ ಕೇಳಿಸಿತ್ತು.

“ನಾನ ಮಾಡೇನಿ,” ಎಂದೆ. ಹೌದು, ಹಾಗೆಂದೆ. ಹೆಂಡತಿಯ ರಕ್ತ ನಳಿಕೆಯಲ್ಲಿ ಸುತ್ತುತ್ತಿರುವಾಗ ಹಾಗೆಂದ ಮನುಷ್ಯ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಈ ವಿಷಯದಲ್ಲೂ ನನಗೆ ಸಮಾನರಿಲ್ಲ.

“ರೀ,” ಎಂದಳು ನೀಲವ್ವ. ಅವಳ ತುಟಿ ಸೀಮೆಸುಣ್ಣದ ಬಣ್ಣಕ್ಕೆ ತಿರುಗಿತ್ತು. “ಹೇಳಿಬಿಡ್ರಿ. ನನಗ ತಣ್ಣಗ ಆಗಾಕತ್ತೈತಿ.”

ನಾನು ಬೆನ್ನ ಹಿಂದಿನಿಂದ ಕೈ ತೆಗೆದು ಮುಂದೆ ಹಿಡಿದೆ. ಹತ್ತೂ ಬೆರಳು ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿದ್ದವು. ಎರಡು ವರ್ಷದಿಂದ ಹಾಗೆ. ಚಹಾದ ಬಸಿ ಹಿಡಿದರೆ ಆ ಪುಟ್ಟ ತಟ್ಟೆ ತಾಳ ಹಾಕುತ್ತದೆ. ಒಂದು ಅಕ್ಷರ ಒತ್ತಲು ಹೋದರೆ ಮೂರು ಬೀಳುತ್ತವೆ. ಗದಗ ಜಿಲ್ಲೆಗೆ ಟೈಪಿಂಗ್ ಕಲಿಸಿದವನು ತನ್ನ ಹೆಸರನ್ನು ಟೈಪ್ ಮಾಡಲಾರ.

“ನಾನು ಒಂದು ಅಕ್ಷರಾನೂ ಒತ್ತಿಲ್ರಿ ಬಾಯಾರ,” ಎಂದೆ ಫೋನಿಗೆ. “ನನ್ನ ಬೆರಳು ನಡಗತಾವು. ಯಾರಿಗೂ ಹೇಳಿಲ್ಲ. ಓಣಿಯವರು ಒತ್ತಿದ್ದು. ನಾ ಬರೇ ಬಾಯಿಲೆ ಹೇಳೇನಿ.”

ಆ ಮಾತು ಹೇಳಿದ ಮೇಲೆ ಮನೆ ಕುಸಿದುಬೀಳುತ್ತದೆ ಎಂದುಕೊಂಡಿದ್ದೆ. ಕಾಶವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಬಂದಳು. “ಇಷ್ಟ ಹೌದಲ್ರೀ? ನಮಗ ಯಾವಾಗಿಂದೋ ಗೊತ್ತೈತಿ ಮಾಸ್ತರ. ನನ್ನ ರೊಟ್ಟಿ ಪಟ್ಟಿ ಫೋನಿನಾಗ ಹೇಳಿದ್ರೂ ನಡೀತೈತಿ. ನೀಲಕ್ಕ ಹೇಳಿದ್ಲು, ‘ದಿನಾ ಬಂದು ಒತ್ತಿ ಹೋಗ್ರಿ, ಅವರು ಹೇಳಲಿ, ಅವರಿಗೆ ಹೇಳಾಕ ಯಾರಾರ ಬೇಕು’ ಅಂತ.”

“ನನ್ನ ಅಳತಿ ಪುಸ್ತಕ ಅಂಗಡ್ಯಾಗ ಐತ್ರಿ,” ಎಂದ ಮೆಹಬೂಬಸಾಬ ನೆಲ ನೋಡುತ್ತ. “ಕಂಪ್ಯೂಟರ್‌ನ್ಯಾಗಿಂದು ನಾ ಒಮ್ಮೆನೂ ತೆಗದ ನೋಡಿಲ್ಲ.”

ನಾನು ಓಣಿಗೆ ಉಪಕಾರ ಮಾಡುತ್ತಿದ್ದೇನೆಂದು ಎರಡು ವರ್ಷ ಎದೆ ಉಬ್ಬಿಸಿಕೊಂಡು ನಿಂತಿದ್ದೆ. ಉಬ್ಬಿದ ಎದೆಯ ಗಾಳಿ ಹೋಗುವುದಕ್ಕೂ ಆಗ ಪುರುಸೊತ್ತಿರಲಿಲ್ಲ.

“ಇಪ್ಪತ್ತೆರಡು ನಿಮಿಷ,” ಎಂದರು ಸಿಸ್ಟರ್. “ಯಾರಾರ ಬಂದು ಹಿಡಿಕಿ ಹಿಡೀರಿ, ನನ್ನ ರಟ್ಟಿ ಬಿದ್ದುಹೋತು.”

ನಾನು ಹಿಡಿಕೆ ಹಿಡಿದೆ. ನಡುಗುವುದು ಬೆರಳು, ತೋಳು ಇನ್ನೂ ನನ್ನ ಮಾತು ಕೇಳುತ್ತಿತ್ತು. ಸಿಸ್ಟರ್ ನೀಲವ್ವನ ನಾಡಿ ಹಿಡಿದು ಕುಳಿತರು.

ಅನಸೂಯಾ ಬಾಯಿಯ ಧ್ವನಿ ಈಗ ಚುರುಕಾಗಿತ್ತು. “ಬೇಲಿ ಎಲ್ಲಾರನ್ನೂ ಸೇರಿಸಿ ಒಬ್ಬ ಯಜಮಾನನ್ನ ಮಾಡಿಕೊಂಡೈತಿ. ಒಂದ ಮನುಷ್ಯಾನ ಮೂರು ಮನಸ್ಥಿತಿ ಅಂತ ತಿಳಕೊಂಡೈತಿ. ಒಂದು ಕೈ ಗಟ್ಟಿ, ತಟ್ಟಿ ತಟ್ಟಿ ಒತ್ತತೈತಿ…”

“ನಂದು,” ಎಂದಳು ಕಾಶವ್ವ. ರೊಟ್ಟಿ ಬಡಿಯುವ ಹಾಗೆಯೇ ಅವಳು ಕೀಲಿಮಣೆ ಬಡಿಯುತ್ತಾಳೆ.

“ಇನ್ನೊಂದು ಒಂದ ಓಟ ಓಡಿ ನಿಲ್ಲತೈತಿ, ಮತ್ತ ಓಡತೈತಿ.”

ಹೊಲಿಗೆ ಯಂತ್ರ. ಮೆಹಬೂಬಸಾಬ ಕೈ ಎತ್ತಿದ, ಫೋನಿಗೆ ಕಾಣುತ್ತದೆಯೋ ಎಂಬಂತೆ.

“ಮೂರನೇದು ಒಂದ ಬೆರಳು. ಬಾಳ ನಿಧಾನ. ಸಾಲಿಗೊಮ್ಮೆ ಏನಾರ ಅಳಸತೈತಿ.”

“ನಾನು,” ಎಂದಳು ನೀಲವ್ವ. ಪ್ರತಿ ವಾರ ದವಾಖಾನೆಗೆ ಕ್ಷೇಮದ ಕಾಗದ ಬರೆಯುತ್ತಿದ್ದವಳು ಅವಳೇ.

“ಮೂರೂ ಮಂದಿ ಒಂದೊಂದು ಸಾಲು ಒತ್ರಿ.”

ಕಾಶವ್ವ ಕುರ್ಚಿಯಲ್ಲಿ ಕುಳಿತಳು. ಮುಂದಿನ ದಿನದ ರೊಟ್ಟಿಯ ಲೆಕ್ಕ ಅವಳಿಗೆ ಬಾಯಿಪಾಠ, ಫಟಫಟ ಬಡಿದಳು. ಏಳುವ ಮೊದಲೇ ಮೆಹಬೂಬಸಾಬ ಬಗ್ಗಿ ತನ್ನ ಸಾಲು ಓಡಿಸಿದ. ಕೀಲಿಮಣೆಯನ್ನು ಹಾಗೇ ಎತ್ತಿ ಮಂಚಕ್ಕೆ ತಂದು ನೀಲವ್ವನ ಬಲಗೈಯ ಕೆಳಗೆ ಇಟ್ಟರು. ಅವಳು ಒತ್ತಿದಳು, ಒಂದು ಅಳಿಸಿದಳು, ಮತ್ತೆ ಒತ್ತಿದಳು.

ಕೆಂಪು.

‘ನೀವು ಈ ಮನೆಯ ಯಜಮಾನರಲ್ಲ. ಉಳಿದ ಅವಕಾಶ ಒಂದು.’

ಮೆಹಬೂಬಸಾಬ “ಯಾ ಅಲ್ಲಾ” ಎಂದು ಗೋಡೆಗೆ ಒರಗಿದ. ಕಾಶವ್ವ ನನ್ನನ್ನೂ ಬೇಲಿಯನ್ನೂ ಹುಬ್ಬಳ್ಳಿಯನ್ನೂ ಸೇರಿಸಿ ಬೈದಳು. ಆ ಬೈಗುಳವನ್ನು ಇಲ್ಲಿ ಬರೆದರೆ ಕಾಗದ ಹತ್ತಿಕೊಳ್ಳುತ್ತದೆ. ನಾನು ಹಿಡಿಕೆ ತಿರುಗಿಸುತ್ತಲೇ ಇದ್ದೆ. ನಳಿಕೆಯೊಳಗೆ ಹೋಗುತ್ತಿದ್ದ ರಕ್ತ ಮೊದಲಿಗಿಂತ ಕಪ್ಪಾಗಿ, ದಪ್ಪವಾಗಿ ಕಾಣತೊಡಗಿತ್ತು.

“ಮೂವತ್ತೊಂದು,” ಎಂದರು ಸಿಸ್ಟರ್. ನಿಮಿಷ ಎಂದು ಹೇಳುವ ವ್ಯವಧಾನವೂ ಅವರಿಗಿರಲಿಲ್ಲ.

ಹುಬ್ಬಳ್ಳಿಯಲ್ಲಿ ಅನಸೂಯಾ ಇಟಗಿಯವರ ಮುಂದೆ ಎರಡು ಗೆರೆಗಳಿದ್ದವು: ಮೇಲಿನದು ಬೇಲಿ ಕಲಿತ ಯಜಮಾನ, ಕೆಳಗಿನದು ಈಗ ತಿರಸ್ಕಾರವಾದ ಯಜಮಾನ. ಪಕ್ಕದವನೂ ನಿಯಮ ಮರೆತು ಅವರ ಕುರ್ಚಿಯ ಹಿಂದೆ ಬಂದು ನಿಂತಿದ್ದ. ಮೂರು ಕೈಗಳೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿಬರುತ್ತಿದ್ದವು. ಆದರೂ ಬೇಲಿ ಒಪ್ಪಿರಲಿಲ್ಲ.

“ಮೇಡಂ, ಕೈ ಬಿಟ್ಟು ಖಾಲಿ ಜಾಗ ನೋಡ್ರಿ,” ಎಂದನಂತೆ ಅವನು.

“ಮಾಸ್ತರ್ರ,” ಎಂದು ಅವರ ಧ್ವನಿ ನಮ್ಮ ಮೇಜಿನ ಮೇಲಿನಿಂದ ಬಂತು. “ನಿಮ್ಮ ಯಜಮಾನರು ಪ್ರತಿ ಸಾಲಿಗೂ ಮೊದಲ ಒಂಬತ್ತು ಸೆಕೆಂಡು ಸುಮ್ನ ಇರ್ತಾರ. ಇಪ್ಪತ್ತೊಂದು ದಿನಾನೂ. ಯಾವ ಕೈ ಇದ್ರೂ ಆ ಒಂಬತ್ತು ಸೆಕೆಂಡು ತಪ್ಪಿಲ್ಲ. ಈಗ ಒತ್ತಿದಾಗ ಆ ಸುಮ್ಮನಿರೋ ಹೊತ್ತು ಇಲ್ಲ. ಅದು ಯಾರು?”

 ಎಲ್ಲರೂ ನನ್ನ ಕಡೆ ತಿರುಗಿದರು.

ನಾನು. ಕುರ್ಚಿಯ ಹಿಂದೆ ನಿಂತು ಮುಂದಿನ ಸಾಲು ಹೇಳುವ ಹೊತ್ತು ಅದು. ಮೂವತ್ತೊಂದು ವರ್ಷ ಶಿಷ್ಯರಿಗೆ ಹೇಳಿ ಹೇಳಿ ನನ್ನ ಸಾಲು ಒಂಬತ್ತು ಸೆಕೆಂಡಿಗೆ ಕಡೆದಿಟ್ಟ ಹಾಗೆ ನಿಂತಿತ್ತು. ನಾನು ಎಷ್ಟು ಮಾತಾಡಿದ್ದೆನೋ ಅಷ್ಟೂ ಆ ಯಂತ್ರಕ್ಕೆ ಮೌನವಾಗಿ ಕೇಳಿಸಿತ್ತು. ಆ ಮೌನವನ್ನು ಅದು ಯಜಮಾನನ ನಾಲ್ಕನೆಯ ಕೈ ಎಂದು ಬರೆದಿಟ್ಟುಕೊಂಡಿತ್ತು.

“ಹೇಳ್ರಿ ಮಾಸ್ತರ,” ಎಂದಳು ಕಾಶವ್ವ, ಕುರ್ಚಿಯಲ್ಲಿ ನೆಟ್ಟಗೆ ಕುಳಿತು. “ದಿನಾ ಹೇಳೋ ಹಂಗ ಹೇಳ್ರಿ.”

“ಹಿಡಿಕಿ ಬಿಡಬ್ಯಾಡ್ರಿ,” ಎಂದರು ಸಿಸ್ಟರ್. ನೀಲವ್ವನ ತಲೆ ಒಂದು ಕಡೆ ವಾಲುತ್ತಿತ್ತು, ಅವರು ಎರಡೂ ಕೈಯಿಂದ ಹಿಡಿದಿದ್ದರು. “ತಿರುಗಿಸ್ಕೋತ ಹೇಳ್ರಿ.”

ನನ್ನ ಉಸಿರು ಏರಿತ್ತು. ಹೆದರಿದ ಬಾಯಿ ಒಂಬತ್ತು ಸೆಕೆಂಡಿನ ಸಾಲನ್ನು ನಾಲ್ಕಕ್ಕೇ ಹೇಳಿ ಮುಗಿಸುತ್ತದೆ. ಆಗ ಹಿಡಿಕೆ ನೆನಪಾಯಿತು. ಸಿಸ್ಟರ್ ಹೇಳಿದ ಹದದಲ್ಲಿ ಅದು ಸೆಕೆಂಡಿಗೆ ಒಂದು ಸುತ್ತು. ಒಂಬತ್ತು ಸುತ್ತು, ಒಂದು ಸಾಲು.

“ನಾಳೆಗೆ,” ಎಂದೆ. ಒಂದು, ಎರಡು. “ಐವತ್ತು ಖಡಕ್ ರೊಟ್ಟಿ.” ನಾಲ್ಕು, ಐದು. “ಇಪ್ಪತ್ತು ಮೆತ್ತಂದು,” ಎಂಟು, ಒಂಬತ್ತು.

ಕಾಶವ್ವ ಬಡಿದಳು.

“ಜಂಪರಿನ ತೋಳು,” ಮೂರು, ನಾಲ್ಕು, “ಒಂದು ಇಂಚು ಉದ್ದ ಇರಲಿ,” ಎಂಟು, ಒಂಬತ್ತು. ಮೆಹಬೂಬಸಾಬನ ಬೆರಳು ಓಡಿ ನಿಂತವು, ಓಡಿ ನಿಂತವು. ಅವನ ಗಡ್ಡದಿಂದ ಬೆವರು ಕೀಲಿಮಣೆಯ ಮೇಲೆ ಬಿತ್ತು. ಒರೆಸಲು ಕೈ ಎತ್ತಿದವನು ಎತ್ತಿದಲ್ಲೇ ತಡೆದುಕೊಂಡ.

ಕೀಲಿಮಣೆ ಮಂಚಕ್ಕೆ ಬಂತು. ನೀಲವ್ವನ ಕಣ್ಣು ಮುಚ್ಚಿತ್ತು. “ನೀಲಾ,” ಎಂದೆ. ಇದು ಸಾಲಿನ ಭಾಗವೋ ಅಲ್ಲವೋ ಗೊತ್ತಿಲ್ಲ. ಹಿಡಿಕೆ ಎರಡು ಸುತ್ತು ಬಂದಿತ್ತು. ಅವಳು ಕಣ್ಣು ತೆರೆದಳು. “ಡಾಕ್ಟರರಿಗೆ ನಮಸ್ಕಾರ,” ಐದು, ಆರು. “ನಾನು ಆರಾಮ ಇದ್ದೇನೆ.” ಎಂಟು. ಒಂಬತ್ತು.

ಅವಳ ಬಲಗೈಯ ತೋರುಬೆರಳು ಎದ್ದಿತು. ಒಂದು ಅಕ್ಷರ. ನಾನು ತಿರುಗಿಸುತ್ತಿದ್ದೆ. ಇನ್ನೊಂದು. ಓಣಿಯ ಮೇಲೆ ಹಾರುವ ಗಿಳಿಗಳೂ ನಿಂತು ನೋಡುತ್ತಿದ್ದವು ಎಂದರೆ ನಂಬಬೇಕು. ಬೆರಳು ಒಂದು ಕಡೆ ತಪ್ಪಿಬಿತ್ತು. ಅವಳು ಬೇಸರದಿಂದ ನಾಲಗೆ ಲೊಚಗುಟ್ಟಿ, ಅದನ್ನು ಅಳಿಸಿ, ಸರಿಯಾದದ್ದನ್ನು ಒತ್ತಿದಳು. ನಮ್ಮ ಮದುವೆಯ ನಲವತ್ತು ವರ್ಷದಲ್ಲಿ ಅಷ್ಟು ಚಂದದ ತಪ್ಪನ್ನು ನಾನು ಕಂಡಿಲ್ಲ. ಕೊನೆಯ ಅಕ್ಷರ ಒತ್ತಿ ಬೆರಳು ಹಾಗೇ ಕೀಲಿಯ ಮೇಲೆ ಉಳಿಯಿತು.

ತೆರೆ ಏನೂ ಹೇಳಲಿಲ್ಲ. ಆಮೇಲೆ ಹಸಿರಾಯಿತು.

‘ನಮಸ್ಕಾರ ಯಜಮಾನರೇ.’

ಟಕ್. ಹಿಡಿಕೆ ನನ್ನ ಕೈಯಿಂದ ತಾನಾಗಿ ಬಿಡಿಸಿಕೊಂಡು ಒಳಗೆ ಹೋಯಿತು, ಪಂಪು ಗುಂಯ್ ಎಂದಿತು, ಕಪ್ಪು ಕೆಂಪು ರಕ್ತ ನಳಿಕೆಯುದ್ದಕ್ಕೂ ಸರಿದು ಅವಳ ತೋಳಿನೊಳಗೆ ಹೋಗತೊಡಗಿತು. ಸಿಸ್ಟರ್ ಗಡಿಯಾರ ನೋಡಿದರು. ಮೂವತ್ತೆಂಟು ನಿಮಿಷ. ಫೋನಿನಲ್ಲಿ ಯಾರೋ ಮೂಗು ಸೊರ್ರನೆ ಎಳೆದುಕೊಂಡ ಸದ್ದಾಯಿತು. ಅನಸೂಯಾ ಬಾಯಿ ಅಲ್ಲ, ನಿಯಮ ಹೇಳಿದವನೇ ಇರಬೇಕು.

ಅರ್ಧ ತಾಸಿನ ಮೇಲೆ ನೀಲವ್ವನ ತುಟಿಗೆ ಬಣ್ಣ ಬಂತು. ಕಾಶವ್ವ ಎಲ್ಲರಿಗೂ ಚಹಾ ಮಾಡಿದಳು. ನನ್ನ ಚಹಾವನ್ನು ಬಸಿಯಲ್ಲಿ ಹಾಕದೆ ದೊಡ್ಡ ಲೋಟದಲ್ಲಿ ಅರ್ಧ ಮಾತ್ರ ಹಾಕಿ ಕೊಟ್ಟಳು. ಎರಡು ವರ್ಷದಲ್ಲಿ ಮೊದಲ ಸಲ ಎಲ್ಲರೆದುರು, ಚೆಲ್ಲದೆ ಕುಡಿದೆ.

ಬೇಲಿಯನ್ನು ಅಳಿಸಿ ಹೊಸದಾಗಿ ಕಲಿಸಬೇಕೆ ಎಂದು ಅನಸೂಯಾ ಬಾಯಿ ಕೇಳಿದರು, ಬೇಡ ಎಂದೆವು. ನಾಲ್ಕು ಜನರಿಗೆ ನಾಲ್ಕು ಬೇರೆ ಬೇರೆ ಕೀಲಿ ಒಪ್ಪುವಂತೆ, ಯಾರೊಬ್ಬರು ಇದ್ದರೂ ತೆರೆಯುವಂತೆ ತಿದ್ದಿ ಕಳಿಸುತ್ತೇವೆ, ಅಲ್ಲಿಯವರೆಗೆ ನೀಲವ್ವನ ಡಯಾಲಿಸಿಸ್ ದವಾಖಾನೆಯಲ್ಲೇ ಆಗಲಿ ಎಂದರು. ಹತ್ತೇ ದಿನದಲ್ಲಿ ಕಳಿಸಿದರು. ನನ್ನ ಕೀಲಿಯನ್ನು ಹೇಗೆ ಮಾಡಿದರೆಂದು ಆಮೇಲೆ ಎಷ್ಟೋ ಎಂಜಿನಿಯರುಗಳು ಬಂದು ಕೇಳಿ ಹೋಗಿದ್ದಾರೆ. ಜಪಾನಿನಿಂದಲೂ ಒಬ್ಬ ಹೊರಟಿದ್ದಾನೆಂದು ಸುದ್ದಿ.

ಆದರೆ ಆ ದಿನ ಸಿಸ್ಟರ್ ರೋಸಲಿನ್ ಹೊರಡುವ ಮುನ್ನ ವರದಿಯ ಹಾಳೆ ತೆಗೆದರು. ಎಲ್ಲ ತುಂಬಿ ಒಂದು ಕಡೆ ಪೆನ್ನು ನಿಲ್ಲಿಸಿದರು.

“ಕಂಪ್ಯೂಟರಿನ ಯಜಮಾನರು ಅಂತ ಒಂದು ಕಾಲಂ ಐತಿ. ಯಾರ ಹೆಸರು ಬರೀಲಿ?”

ನಾನು ಬಾಯಿ ತೆರೆದೆ. ಕಾಶವ್ವನನ್ನು ನೋಡಿದೆ, ಮೆಹಬೂಬಸಾಬನನ್ನು ನೋಡಿದೆ, ಮಂಚದ ಮೇಲೆ ದಿಂಬಿಗೆ ಒರಗಿ ಕುಳಿತವಳನ್ನು ನೋಡಿದೆ. ಬಾಯಿ ಮುಚ್ಚಿದೆ. ಗೋಡೆಯ ಗಡಿಯಾರದ ಮುಳ್ಳು ಒಂದೊಂದೇ ಹೆಜ್ಜೆ ಇಡುತ್ತಿತ್ತು.

ನನ್ನನ್ನೇ ನೋಡುತ್ತ, ಬೆರಳು ಮಡಚಿ ಸೆಕೆಂಡು ಎಣಿಸುತ್ತಿದ್ದ ನೀಲವ್ವ ಒಂಬತ್ತಕ್ಕೆ ನಿಂತಳು.

“ಇವರ ಹೆಸರ ಬರಕೊಳ್ರಿ ಸಿಸ್ಟರ್,” ಎಂದಳು. “ಈಗ ಸಹಿ ಮಾಡಿದ್ರಲ್ಲ.”